ಕ್ಲಚ್ಚಿನ ಮೇಲೆ ಹೊರಿಸಿದ್ದು

ನಮ್ಮ ಕಾರು ನಿಂತುಹೋದಾಗಲೆಲ್ಲ ಯಾರೂ ಅದರ ಬಾನೆಟ್ ಕಡೆ ನೋಡಲಿಲ್ಲ. ನನ್ನ ಕಾಲಿನ ಕಡೆ ನೋಡಿದರು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕಾರು ಸರಿಹೋಗಿ ಬಹಳ ದಿನವಾಯಿತು, ಉರಿ ಮಾತ್ರ ಹಾಗೇ ಇದೆ.

ನಾನು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆ ಚೇಳೂರಿನಿಂದ ಇನ್ನೂ ಒಳಗೆ, ತೆಂಗಿನ ತೋಟಗಳ ನಡುವೆ. ಮನೆ ತುಮಕೂರಿನಲ್ಲಿ, ಶಿರಾ ಗೇಟಿನ ಹತ್ತಿರ. ಆ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಚೇಳೂರಿನಿಂದ ಮುಂದಕ್ಕೆ ಬೆಳಿಗ್ಗೆ ಹೋಗುತ್ತಿದ್ದ ಬಸ್ಸು ನಿಂತುಹೋಯಿತು. ಮನೆಯ ಮುಂದೆ ನನ್ನ ಗಂಡನ ಹಳೇ ಪೆಟ್ರೋಲ್ ಕಾರಿತ್ತು. ಅವರು ಆಫೀಸಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದರು, ಕಾರು ಹೊರಗೆ ಬರುತ್ತಿದ್ದದ್ದು ಮದುವೆಗೋ ಮುಂಜಿಗೋ ಮಾತ್ರ. ಬೇಸಿಗೆ ರಜೆಯಲ್ಲೇ ನಾನು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತಿದ್ದೆ, ಲೈಸೆನ್ಸೂ ಬಂದಿತ್ತು. ಜೂನ್‌ನಲ್ಲಿ ಕೀ ಕೇಳಿದೆ. ಅವರು ಕೊಟ್ಟರು. ಹುಷಾರು ಅಂತ ಹೇಳಿ ಕೊಟ್ಟರು.

ಮೊದಲ ವಾರ ಏನೂ ಆಗಲಿಲ್ಲ. ಅದಾದ ಮೇಲೆ ಒಂದು ಸಂಜೆ ಶಿರಾ ಗೇಟಿನ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸುತ್ತಿದ್ದಂತೆ ಎಂಜಿನ್ ಒಂದು ಸಲ ನಡುಗಿ ಆಫ್ ಆಯಿತು. ಕೀ ತಿರುಗಿಸಿದೆ, ಸ್ಟಾರ್ಟ್ ಆಯಿತು. ಎರಡು ಮಾರು ಮುಂದೆ ಹೋಗಿ ಮತ್ತೆ ಬ್ರೇಕ್ ಹಾಕಿದೆ, ಮತ್ತೆ ಆಫ್. ಹಿಂದಿನಿಂದ ಹಾರ್ನ್ ಶುರುವಾಯಿತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ, "ಮೇಡಂ, ಕ್ಲಚ್ ಒತ್ಬೇಕು" ಅಂದ. ನನ್ನ ಎಡಗಾಲು ಕ್ಲಚ್ಚಿನ ಮೇಲೇ ಇತ್ತು, ತಳ ಮುಟ್ಟುವಷ್ಟು ಒತ್ತಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಹೊಸದಾಗಿ ಕಲಿತವರಿಗೆ ಎಲ್ಲರಿಗೂ ಹಾಗಾಗುತ್ತದೆ ಅಂದರು. ಹೊಸದಾಗಿ ಕಲಿತವರಿಗೆ ಕಾರು ಹೊರಡಿಸುವಾಗ ಆಫ್ ಆಗುತ್ತದೆ, ನನಗೆ ಆಗುತ್ತಿರುವುದು ನಿಲ್ಲಿಸುವಾಗ ಅಂತ ನಾನು ಹೇಳಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ಬೇಗ ಎದ್ದು, ರಸ್ತೆಯಲ್ಲಿ ಹಾಲಿನ ವ್ಯಾನ್ ಬಿಟ್ಟರೆ ಬೇರೇನೂ ಇಲ್ಲದ ಹೊತ್ತಿನಲ್ಲಿ, ಕಾರನ್ನು ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದರು. ಎಲ್ಲೂ ಬ್ರೇಕ್ ಹಿಡಿದು ನಿಲ್ಲುವ ಪ್ರಸಂಗವೇ ಬಂದಿರಲಿಲ್ಲ. ಕೀಯನ್ನು ಟೇಬಲ್ ಮೇಲೆ ಇಟ್ಟು, "ನಂಗೆ ಒಂದ್ಸಲಾನೂ ಆಫ್ ಆಗ್ಲಿಲ್ವಲ್ಲ" ಅಂದರು. ಅಲ್ಲಿಗೆ ತನಿಖೆ ಮುಗಿಯಿತು.

ನಿಂತುಹೋಗುವುದು ಜಾಸ್ತಿಯಾಯಿತು. ಗುಬ್ಬಿ ಬಸ್ ಸ್ಟ್ಯಾಂಡಿನ ಮುಂದೆ, ಚೇಳೂರಿನ ಸರ್ಕಲ್ಲಿನಲ್ಲಿ, ಶಾಲೆಯ ಗೇಟಿನಲ್ಲಿ. ಕೊನೆಗೆ ಇಬ್ಬರೂ ಕಾರನ್ನು ತುಮಕೂರಿನ ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಓಡಿಸುತ್ತಿದ್ದವಳು ನಾನು, ತೊಂದರೆ ಅನುಭವಿಸಿದವಳು ನಾನು. ಮೆಕ್ಯಾನಿಕ್ ಕೇಳಿದ್ದೆಲ್ಲ ನನ್ನ ಗಂಡನನ್ನು. ನಾನು ಉತ್ತರ ಹೇಳುತ್ತಿದ್ದೆ, ಅವನು ಅವರ ಮುಖ ನೋಡಿಕೊಂಡು ತಲೆಯಾಡಿಸುತ್ತಿದ್ದ. ನಾನು ಹೇಳಿದ್ದನ್ನೇ ಅವರು ಇನ್ನೊಂದು ಸಲ ಹೇಳಿದಾಗ ಮಾತ್ರ ಅವನಿಗೆ ಅರ್ಥವಾಗುತ್ತಿತ್ತು. ಆಮೇಲೆ ದನಿ ತಗ್ಗಿಸಿ, ಆದರೆ ನನಗೂ ಕೇಳುವಷ್ಟು ಜೋರಾಗಿ, "ಮೇಡಂ ಹಾಫ್ ಕ್ಲಚ್ ಹೊಡೀತಾರೆ ಸಾರ್. ಪ್ಲೇಟ್ ಹೋಗಿರತ್ತೆ" ಅಂದ. ನನ್ನ ಗಂಡ ನಕ್ಕರು. ಕೆಟ್ಟ ನಗುವಲ್ಲ, ಗಂಡಸರು ತಮ್ಮ ತಮ್ಮಲ್ಲೇ ನಗುವ ನಗು. ನಾನು ಅಲ್ಲೇ ನಿಂತಿದ್ದೆ.

ಕ್ಲಚ್ ಪ್ಲೇಟ್ ಬದಲಾಯಿಸಿದರು. ಮರುದಿನವೇ ಕಾರು ಶಿರಾ ಗೇಟಿನಲ್ಲಿ ಮತ್ತೆ ನಿಂತಿತು.

ಈಗ ನನ್ನ ಮೇಲಿನ ಅಪವಾದ ಇನ್ನೂ ಗಟ್ಟಿಯಾಯಿತು. ಹೊಸ ಪ್ಲೇಟ್ ಹಾಕಿದ ಮೇಲೂ ಆಫ್ ಆಗುತ್ತದೆ ಅಂದರೆ ಇನ್ನೇನಿರಲು ಸಾಧ್ಯ? ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, ನಿಮಗೆ ಗೇರಿಲ್ಲದ ಸ್ಕೂಟಿಯೇ ವಾಸಿ ಮೇಡಂ ಅಂದರು. ನನ್ನ ಗಂಡ ನೆಂಟರ ಜೊತೆ ಫೋನಿನಲ್ಲಿ ಇದನ್ನೊಂದು ತಮಾಷೆಯ ಕಥೆ ಮಾಡಿಕೊಂಡರು. ಎಲ್ಲಕ್ಕಿಂತ ನೋವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಒಂದು ದಿನ ಊಟಕ್ಕೆ ಕೂತಾಗ, ಕರೆಂಟ್ ಹೋದದ್ದಕ್ಕೆ, "ಅಮ್ಮ ಎಲ್ಲೋ ಕ್ಲಚ್ ಬಿಟ್ಟಿರ್ಬೇಕು" ಅಂದಾಗ. ಅಪ್ಪ ಮಗಳು ಇಬ್ಬರೂ ನಕ್ಕರು. ಕತ್ತಲಲ್ಲಿ ನನ್ನ ಮುಖ ಅವರಿಗೆ ಕಾಣಲಿಲ್ಲ, ಅದೇ ಒಳ್ಳೆಯದಾಯಿತು. ಅವಳು ಮಗು, ಮನೆಯಲ್ಲಿ ಕೇಳಿದ್ದನ್ನು ಹೇಳಿದಳು. ನನಗೆ ಸಿಟ್ಟು ಬಂದದ್ದು ಮನೆಯ ಮೇಲೆ.

ಅಷ್ಟು ದಿನ ನಾನೂ ಒಳಗೊಳಗೇ ನನ್ನ ಕಾಲನ್ನೇ ಅನುಮಾನಿಸುತ್ತಿದ್ದೆ. ಹತ್ತು ಜನ ಒಂದೇ ಮಾತು ಹೇಳಿದರೆ ಹಾಗಾಗುತ್ತದೆ. ಆ ರಾತ್ರಿಯಿಂದ ಅದನ್ನು ಬಿಟ್ಟೆ. ಕಾರು ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ ಅಂತ ಗಮನಿಸತೊಡಗಿದೆ. ಖಾಲಿ ರಸ್ತೆಯಲ್ಲಿ ಎಷ್ಟು ದೂರ ಹೋದರೂ ಏನೂ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸಿಕೊಂಡು ನಿಧಾನ ಮಾಡಿದರೆ ಏನೂ ಇಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಸ್ವಲ್ಪ ಹೊತ್ತು ಹಿಡಿದರೆ ಮಾತ್ರ ನಡುಕ. ಇನ್ನೊಂದು ವಿಷಯ, ಟ್ರಾಫಿಕ್ಕಿನ ಗದ್ದಲದಲ್ಲಿ ಕೇಳಿಸದೇ ಇದ್ದದ್ದು, ಶಾಲೆಯ ಹತ್ತಿರದ ನಿಶ್ಶಬ್ದದಲ್ಲಿ ಕೇಳಿಸಿತು. ಬ್ರೇಕ್ ಒತ್ತಿದಾಗ ನನ್ನ ಪಾದದ ಹತ್ತಿರದಿಂದ ಸುಯ್ಯೆಂದು ಗಾಳಿ ಎಳೆದುಕೊಳ್ಳುವ ಸದ್ದು. ಕಾಲು ತೆಗೆದರೆ ಸದ್ದಿಲ್ಲ.

ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಎಲ್ಲರೂ ಹೋದ ನಂತರ, ಆಟದ ಮೈದಾನದ ಅಂಚಿನಲ್ಲಿ ಕಾರು ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಗೇರನ್ನು ನ್ಯೂಟ್ರಲ್‌ಗೆ ಹಾಕಿದೆ. ಎಡಗಾಲನ್ನು ಮಡಿಸಿ ಸೀಟಿನ ಮೇಲೆ, ಬಲತೊಡೆಯ ಕೆಳಗೆ ಇಟ್ಟುಕೊಂಡೆ, ಕ್ಲಚ್ಚಿನ ಹತ್ತಿರಕ್ಕೂ ಹೋಗದಂತೆ. ಸ್ಟಾರ್ಟ್ ಮಾಡಿದೆ. ಎಂಜಿನ್ ಸಮವಾಗಿ ಓಡುತ್ತಿತ್ತು. ಬಲಗಾಲಿನಿಂದ ಬ್ರೇಕ್ ಒತ್ತಿ ಹಿಡಿದೆ. ಸುಯ್ಯೆಂದಿತು, ಸ್ಟಿಯರಿಂಗ್ ನಡುಗಿತು, ಎಂಜಿನ್ ಸತ್ತಿತು.

ಮತ್ತೆ ಮಾಡಿದೆ. ಮತ್ತೆ ಅದೇ. ಮತ್ತೆ ಮಾಡಿದೆ.

ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ನಿಂತ ಕಾರು. ಅದರಲ್ಲಿ ನನ್ನ ತಪ್ಪು ಎಲ್ಲಿಂದ ಬರಬೇಕು? ಮೊದಲು ಖುಷಿಯಾಯಿತು, ಅದು ನಿಜ. ಅದರ ಬೆನ್ನಿಗೇ ಎಂಥ ಸಿಟ್ಟು ಬಂತೆಂದರೆ ಸ್ಟಿಯರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ. ಇಷ್ಟು ಸುಲಭದ ಪರೀಕ್ಷೆ. ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡೇ ಮಾಡಬಹುದಾಗಿದ್ದದ್ದು. ನಾನು ಹೇಳಿದ್ದನ್ನು ಒಬ್ಬರಾದರೂ ಕೇಳಿಸಿಕೊಂಡಿದ್ದರೆ ಮೊದಲ ದಿನವೇ ಆಗುತ್ತಿತ್ತು.

ಸಂಜೆ ಗಂಡನಿಗೆ ಹೇಳಿದೆ. ಕೆಳಗೆ ಬನ್ನಿ, ಮಾಡಿ ತೋರಿಸುತ್ತೇನೆ ಅಂದೆ. ಟಿವಿಯಲ್ಲಿ ಮ್ಯಾಚ್ ಇತ್ತು. ಬರಲಿಲ್ಲ. ಗ್ಯಾರೇಜಿನವನಿಗೆ ಫೋನ್ ಮಾಡಿ ಹೇಳುತ್ತೇನೆ ಅಂದರು. ಏನು ಹೇಳಿದರೋ ಗೊತ್ತಿಲ್ಲ. ನಾನೇ ಕಾರು ತೆಗೆದುಕೊಂಡು ಹೋಗಿ ಬ್ರೇಕ್ ಒತ್ತಿದರೆ ಆಫ್ ಆಗುತ್ತಿದೆ, ಗಾಳಿಯ ಸದ್ದು ಬರುತ್ತಿದೆ ಅಂತ ಬಿಡಿಸಿ ಹೇಳಿದರೂ ಮೆಕ್ಯಾನಿಕ್ ಸ್ಟಿಯರಿಂಗ್ ಮುಂದೆ ಕೂರಲೇ ಇಲ್ಲ. ಬಾನೆಟ್ ಎತ್ತಿ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ, ಹೆಚ್ಚಿಸಿದ. ಕಾರು ನಿಂತಲ್ಲೇ ಗುರ್ರೆನ್ನತೊಡಗಿತು. ಇನ್ನು ನೀವು ಕ್ಲಚ್ ಹೆಂಗೆ ಬಿಟ್ರೂ ಆಫ್ ಆಗಲ್ಲ ಅಂದ.

ಅವನು ಹೇಳಿದಂತೆ ಆಫ್ ಆಗುವುದು ಕಡಿಮೆಯಾಯಿತು. ಆದರೆ ಕಾಯಿಲೆ ಅಲ್ಲೇ ಇತ್ತು, ಕೆಮ್ಮನ್ನು ಮಾತ್ರ ಅದುಮಿದ್ದ. ಕೆಲವೇ ದಿನಗಳಲ್ಲಿ ಬ್ರೇಕ್ ಪೆಡಲ್ ಬಿಗಿಯಾಗತೊಡಗಿತು. ಮೊದಲು ಬೆರಳಿನಿಂದ ಒತ್ತಿದಂತೆ ಒತ್ತುತ್ತಿದ್ದದ್ದು ಈಗ ಇಡೀ ಕಾಲಿನ ಬಲ ಹಾಕಿದರೂ ಮನಸ್ಸಿಲ್ಲದಂತೆ ಇಳಿಯುತ್ತಿತ್ತು. ಅದನ್ನೂ ಹೇಳಿದೆ. ಆಫ್ ಆಗೋದು ನಿಂತಿತಲ್ಲ, ಇನ್ನೇನು ಅಂದರು ನನ್ನ ಗಂಡ. ನಾನು ಸ್ಟಾಫಿನ ಒಬ್ಬರ ಸ್ಕೂಟರಿನ ಹಿಂದೆ ಕೂತು ಗುಬ್ಬಿಯಿಂದ ಶಾಲೆಗೆ ಹೋಗತೊಡಗಿದೆ, ಗುಬ್ಬಿವರೆಗೆ ಬಸ್ಸು. ಕಾರು ಓಡಿಸುವುದನ್ನು ಬಿಟ್ಟೆನೆಂದು ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಕೊನೆಗೂ ಬುದ್ಧಿ ಬಂತು ಅನ್ನುವ ಹಾಗೆ.

ಪಿತೃಪಕ್ಷದಲ್ಲಿ ಹಿರಿಯರ ಪೂಜೆಗೆ ನಾವು ನನ್ನ ಗಂಡನ ಅಣ್ಣನ ಮನೆಗೆ ಹೋಗುವ ರೂಢಿ. ಭಾವ ಕುಣಿಗಲ್ ತಾಲ್ಲೂಕಿನಲ್ಲಿ, ಹುತ್ರಿದುರ್ಗದ ಬೆಟ್ಟದ ಕೆಳಗಿನ ಊರಿನಲ್ಲಿ ರಾಗಿ, ಅವರೆ ಬೆಳೆಯುತ್ತಾರೆ. ಮೊದಲು ಲಾರಿ ಓಡಿಸುತ್ತಿದ್ದರು, ಈಗ ಟ್ರ್ಯಾಕ್ಟರ್. ಗಾಡಿಯ ವಿಷಯದಲ್ಲಿ ಆ ಮನೆತನದಲ್ಲಿ ಅವರ ಮಾತೇ ಕೊನೆ. ಆ ಭಾನುವಾರ ಬಸ್ಸಿನಲ್ಲಿ ಹೋಗೋಣ ಅಂತ ನಾನು ಹಟ ಹಿಡಿದೆ. ಮಗಳಿಗೂ ಗಂಡನಿಗೂ ಕಾರೇ ಬೇಕಿತ್ತು. ಹೆಬ್ಬೂರಿನ ಮೇಲೆ ಕುಣಿಗಲ್‌ವರೆಗೆ ಅವರು ಓಡಿಸಿದರು. ರಸ್ತೆ ಖಾಲಿಯಿತ್ತು, ಏನೂ ಆಗಲಿಲ್ಲ. ನೋಡು ಅನ್ನುವಂತೆ ಆಗಾಗ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದರು.

ಕುಣಿಗಲ್ ಪೇಟೆಯಲ್ಲಿ ಭಾವ ಬಾಳೆಲೆ, ತರಕಾರಿ ಚೀಲ ಹಿಡಿದು ನಿಂತಿದ್ದರು. ಚೀಲಗಳನ್ನು ಹಿಂದೆ ಇಟ್ಟು, ಮುಂದೆ ತಿರುವು, ಇಳಿಜಾರು ಇದೆ, ತಾನೇ ಓಡಿಸುತ್ತೇನೆ ಅಂತ ತಮ್ಮನನ್ನು ಪಕ್ಕದ ಸೀಟಿಗೆ ಸರಿಸಿದರು. ನಾನು ಹಿಂದಿನಿಂದ ಹೇಳಿದೆ. "ಭಾವ, ಬ್ರೇಕ್ ಜಾಸ್ತಿ ಹೊತ್ತು ಹಿಡಿದ್ರೆ ಎಂಜಿನ್ ಆಫ್ ಆಗುತ್ತೆ. ಆಮೇಲೆ ಬ್ರೇಕು ಕಲ್ಲಾಗ್ಬಿಡುತ್ತೆ."

ಭಾವ ನಕ್ಕರು. "ಲೋಡ್ ಲಾರೀನ ಘಾಟಿಲಿ ಇಳಿಸ್ದವ್ನು ಕಣಮ್ಮ ನಾನು. ನೀ ಸುಮ್ಕೆ ಕೂತ್ಕೊ."

ಸುಮ್ಮನೆ ಕೂತೆ. ಊರು ಇನ್ನೇನು ಬಂತು ಅನ್ನುವಲ್ಲಿ ರಸ್ತೆ ಇಳಿದು ಬಲಕ್ಕೆ ತಿರುಗುತ್ತದೆ. ಎದುರಿಗೆ ಹುಲ್ಲಿನ ಹೊರೆ ತುಂಬಿಕೊಂಡು ಒಂದು ಟ್ರ್ಯಾಕ್ಟರ್ ಏರಿ ಬರುತ್ತಿತ್ತು. ಭಾವ ಕ್ಲಚ್ಚೂ ಬ್ರೇಕೂ ಒಟ್ಟಿಗೆ ಒತ್ತಿದರು. ಆ ಸುಯ್ಯೆನ್ನುವ ಸದ್ದು ನನಗೆ ಹಿಂದಿನ ಸೀಟಿಗೇ ಕೇಳಿಸಿತು. ಎಂಜಿನ್ ನಿಂತಿತು, ಕಾರು ನಿಲ್ಲಲಿಲ್ಲ. ಭಾವನ ಬೆನ್ನು ಸೀಟಿಗೆ ಒತ್ತಿಕೊಂಡದ್ದು, ಬ್ರೇಕಿನ ಮೇಲೆ ಎದ್ದು ನಿಂತಂತೆ ಅವರು ಕಾಲೂರಿದ್ದು ಕಂಡಿತು. ಕಾರು ಜಾರುತ್ತಲೇ ಇತ್ತು. ಗಂಡ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೂತಿದ್ದರು. ನಾನು ಎರಡು ಸೀಟಿನ ನಡುವೆ ನುಗ್ಗಿ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು, "ಕ್ಲಚ್ ಬಿಡಿ ಭಾವ" ಅಂದೆ. ಅವರು ಬಿಟ್ಟರು. ಗೇರು ಹಿಡಿದುಕೊಂಡಿತು, ಕಾರು ಎರಡು ಸಲ ಕುಪ್ಪಳಿಸಿ ರಸ್ತೆಯ ಪಕ್ಕ ಸುರಿದಿದ್ದ ಜಲ್ಲಿಯ ಗುಡ್ಡೆಗೆ ಮೂತಿ ಊರಿ ನಿಂತಿತು. ಟ್ರ್ಯಾಕ್ಟರ್ ನಮ್ಮನ್ನು ಸವರಿಕೊಂಡಂತೆ ದಾಟಿ ಹೋಯಿತು. ನನ್ನ ಮಗಳ ಮಡಿಲ ತುಂಬ ಬಾಳೆಲೆ ಬಿದ್ದಿತ್ತು. ಅವಳು ಅಳಲಿಲ್ಲ. ಅವಳ ಕೈ ಹಿಡಿದಾಗ ಬೆರಳೆಲ್ಲ ತಣ್ಣಗಿತ್ತು.

ಯಾರಿಗೂ ಏನೂ ಆಗಲಿಲ್ಲ. ನಾವು ಮೂವರೂ ಇಳಿದು ನಡೆದೆವು. ಭಾವ ಒಂದನೇ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಹಿಡಿದುಕೊಂಡು, ತೆವಳಿಸಿದಂತೆ ಕಾರನ್ನು ಮನೆ ತಲುಪಿಸಿದರು.

ಅಂಗಳದಲ್ಲಿ ನೆಂಟರೆಲ್ಲ ಸೇರಿದ್ದರು. ಭಾವ ಮುಖ ಒರೆಸಿಕೊಳ್ಳುತ್ತ ಗಾಡಿಯೇ ಸರಿಯಿಲ್ಲ, ಬ್ರೇಕ್ ಹಿಡಿಯಲಿಲ್ಲ, ಇಂಥ ಗಾಡಿ ಇಟ್ಟುಕೊಂಡು ಹೇಗೆ ಓಡಾಡುತ್ತೀರಿ ಅಂತ ತಮ್ಮನಿಗೆ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಹಳೇ ಗಾಡಿ, ಹಾಗೇ ಅಂದರು ಒಬ್ಬರು. ನನ್ನ ಗಂಡನೂ ಹೌದಣ್ಣ, ತೋರಿಸಬೇಕು ಅಂದರು. ಭಾವ ಓಡಿಸಿದಾಗ ಒಂದೇ ಒಂದು ಸಲ ಆಫ್ ಆಗಿತ್ತು. ಯಾರೂ ಭಾವನ ಕಾಲು ನೋಡಲಿಲ್ಲ. ಅವರು ಕ್ಲಚ್ ಒತ್ತಿದ್ದರೋ ಇಲ್ಲವೋ ಅಂತ ಒಬ್ಬರೂ ಕೇಳಲಿಲ್ಲ. ನಾನು ಮೂರು ತಿಂಗಳು ಹೇಳಿ ಸೋತದ್ದನ್ನು ಅವರು ಟವೆಲ್ಲಿನಿಂದ ಮುಖ ಒರೆಸುವಷ್ಟರಲ್ಲಿ ಎಲ್ಲರೂ ನಂಬುವಂತೆ ಮಾಡಿದ್ದರು.

ನಾನು ಕಾರಿನ ಬಾಗಿಲು ತೆಗೆದು ನಿಂತು ಗಂಡನನ್ನು ಕರೆದೆ. "ರೀ, ಬನ್ನಿ. ಇಲ್ಲಿ ಕೂತ್ಕೊಳ್ಳಿ."

ಈಗ್ಯಾಕೆ ಅಂದರು. ನಾನು ಬಾಗಿಲು ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದದ್ದರಿಂದ ಬಂದು ಕೂತರು. ನ್ಯೂಟ್ರಲ್ ಮಾಡಿಸಿದೆ. ಎಡಗಾಲನ್ನು ಮಡಿಸಿ ಸೀಟಿನ ಮೇಲೆ ಇಟ್ಟುಕೊಳ್ಳಿ ಅಂದೆ, ಕಷ್ಟಪಟ್ಟು ಮಡಿಸಿ ಇಟ್ಟುಕೊಂಡರು. ಸ್ಟಾರ್ಟ್ ಮಾಡಿಸಿದೆ. "ಈಗ ಬ್ರೇಕ್ ಒತ್ತಿ ಹಿಡೀರಿ" ಅಂದೆ. ಬಲಗಾಲಿನಿಂದ ಒತ್ತಿದರು. ಸುಯ್ಯೆಂದಿತು, ನಡುಗಿತು, ನಿಂತಿತು. ಇನ್ನೊಂದು ಸಲ ಅಂದೆ. ಇನ್ನೊಂದು ಸಲವೂ ನಿಂತಿತು.

ನಾನು ಬಾಗಿಲು ಹಿಡಿದುಕೊಂಡೇ ಹೇಳಿದೆ. "ಇದನ್ನ ಕೆಳಗೆ ಬಂದು ನೋಡಿ ಅಂತ ಕರೆದೆ. ಬರ್ಲಿಲ್ಲ. ನಾನು ಹೇಳಿದ್ರೆ ಕಾಲಿಂದು ತಪ್ಪು, ಭಾವ ಹೇಳಿದ್ರೆ ಗಾಡೀದು ತಪ್ಪು. ಮಗು ಹಿಂದೆ ಕೂತಿತ್ತು ಇವತ್ತು."

"ಆಮೇಲೆ ಮಾತಾಡೋಣ. ಜನ ಇದಾರೆ" ಅಂದರು ಅವರು, ತಲೆ ತಗ್ಗಿಸಿಕೊಂಡು.

"ನನ್ನ ಕ್ಲಚ್ ವಿಷಯ ಆಡ್ಕೊಂಡು ನಗೋವಾಗ್ಲೂ ಜನ ಇದ್ರು."

ಭಾವ ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಎಡೆಯ ಮುಂದೆ ಕೂತರು. ಅಡುಗೆಮನೆಯಲ್ಲಿ ವಾರಗಿತ್ತಿ ಒಬ್ಬಟ್ಟು ಬೇಯಿಸುತ್ತ, ಅಷ್ಟು ಜನದ ಮುಂದೆ ಗಂಡನಿಗೆ ಹಾಗೆ ಅನ್ನಬಾರದಿತ್ತು ಅಂದರು. ಒಳ್ಳೆಯ ಹೆಂಗಸು, ನನ್ನನ್ನು ತಂಗಿಯಂತೆ ನೋಡಿಕೊಂಡವರು. ಅವರಿಗೂ ಮುಖ ಕೊಟ್ಟು ಮಾತಾಡಲು ನನಗೆ ಆಗಲಿಲ್ಲ. ಎಲೆಯಲ್ಲಿ ಬಡಿಸಿದ್ದನ್ನು ತಿಂದೆನೋ ಬಿಟ್ಟೆನೋ ನೆನಪಿಲ್ಲ.

ಸಂಜೆ ಆ ಕಾರಿನಲ್ಲಿ ಯಾರೂ ಹೊರಡಕೂಡದು ಅಂದೆ. ಈ ಸಲ ಯಾರೂ ಎದುರಾಡಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬಂದೆವು. ಮರುದಿನ ನಾನು ರಜೆ ಹಾಕಿ ಒಬ್ಬಳೇ ಕುಣಿಗಲ್‌ಗೆ ಹೋಗಿ, ಅಲ್ಲಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಭಾವನ ಊರಿಗೆ ಹೋದೆ. ಅವನೂ ಮೊದಲು ಕೇಳಿದ್ದು, ಸಾರ್ ಬಂದಿಲ್ವಾ ಅಂತಲೇ. ಸಾರ್ ಬರಲ್ಲ, ನಾನು ಹೇಳ್ತೀನಿ ಕೇಳಿ ಅಂದೆ. ಹೇಳಿದ್ದನ್ನು ಕೇಳಿದ. ಅಷ್ಟೇ ಬೇಕಾಗಿದ್ದದ್ದು. ಬ್ರೇಕಿಗೆ ಬಲ ಕೊಡುವ, ತಟ್ಟೆಯಂಥ ದುಂಡನೆಯ ಡಬ್ಬಿಯೊಂದು ಎಂಜಿನ್ನಿನ ಹಿಂದೆ ಇರುತ್ತದೆ, ಬೂಸ್ಟರ್ ಅನ್ನುತ್ತಾರೆ. ಅದಕ್ಕೆ ಎಂಜಿನ್ನಿನಿಂದ ಒಂದು ರಬ್ಬರ್ ಪೈಪು. ಅವನು ಆ ಪೈಪನ್ನು ಇಕ್ಕಳದಲ್ಲಿ ಅದುಮಿ ಹಿಡಿದು ನನಗೆ ಬ್ರೇಕ್ ಒತ್ತಲು ಹೇಳಿದ. ಎಂಜಿನ್ ಆಫ್ ಆಗಲಿಲ್ಲ. ಬಿಟ್ಟು ಒತ್ತಲು ಹೇಳಿದ. ಆಫ್ ಆಯಿತು. ಡಬ್ಬಿಯೊಳಗಿನ ರಬ್ಬರ್ ಹರಿದಿದೆ, ಒತ್ತಿದಾಗಲೆಲ್ಲ ಹೊರಗಿನ ಗಾಳಿ ಎಂಜಿನ್ನಿಗೆ ನುಗ್ಗುತ್ತಿದೆ ಅಂದ. ಕುಣಿಗಲ್‌ನಿಂದ ಬೇರೆ ಬೂಸ್ಟರ್ ತಂದು ಹಾಕಿ, ಐಡ್ಲಿಂಗ್ ಇಳಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಭಾವ ಹೊಲದಿಂದ ಬಂದು ಸ್ವಲ್ಪ ಹೊತ್ತು ನಿಂತು ನೋಡಿ, ಒಂದು ಎಳನೀರು ಕೆತ್ತಿ ನನ್ನ ಕೈಗೆ ಕೊಟ್ಟು ಹೋದರು. ಕುಡಿದೆ. ಅದರಿಂದ ಏನೂ ತಣ್ಣಗಾಗಲಿಲ್ಲ.

ಆ ಇಳಿಜಾರಿನಲ್ಲಿ, ಈಗ ಏರಿಕೊಂಡು, ನಾನೇ ಕಾರು ಓಡಿಸಿಕೊಂಡು ತುಮಕೂರಿಗೆ ಬಂದೆ. ಮನೆಗೆ ಹೋಗುವ ಮೊದಲು ಕ್ಲಚ್ ಪ್ಲೇಟ್ ಬದಲಾಯಿಸಿದ ಆ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಹರಿದ ಹಳೇ ಬೂಸ್ಟರನ್ನು ಅಲ್ಲಿನ ಮೆಕ್ಯಾನಿಕ್‌ನ ಟೇಬಲ್ಲಿನ ಮೇಲೆ ಇಟ್ಟು, ಕ್ಲಚ್ ಪ್ಲೇಟ್ ಅಲ್ಲ, ಇದು ಅಂದೆ. ಅದನ್ನು ತಿರುಗಿಸಿ ನೋಡಿ, "ಬ್ರೇಕ್ ಒತ್ತಿದ್ರೆ ಆಫ್ ಆಗುತ್ತೆ ಅಂತ ಆಗ್ಲೇ ಹೇಳ್ಬೇಕಿತ್ತು ಮೇಡಂ" ಅಂದ. ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ. ನಾನು ಹೇಳಿದ್ದು ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದು ಇನ್ನೂ ಕೆಟ್ಟದು. ನಾನು ನಿಮ್ಮೆದುರು ನಿಂತು ಹೇಳಿದೆ, ನೀವು ಕೇಳಲಿಲ್ಲ ಅಂತ ಅಲ್ಲಿದ್ದ ಕೆಲಸಗಾರರಿಗೆಲ್ಲ ಕೇಳುವಂತೆ ಹೇಳಿ ಬಂದೆ. ಅವನಿಗೆ ನಾನು ಜಗಳಗಂಟಿ ಅನ್ನಿಸಿರಬೇಕು. ಅನ್ನಿಸಲಿ.

ನನ್ನ ಗಂಡ ಅವತ್ತು ರಾತ್ರಿ ಸರಿ ಆಯ್ತಾ ಅಂತ ಕೇಳಿದರು. ಆಯ್ತು ಅಂದೆ. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಗೆ ಬರಲಿಲ್ಲ, ನಾನು ಕೇಳಲೂ ಇಲ್ಲ. ಕೆಲವು ದಿನದ ಮೇಲೆ ಅವರು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಕ್ಲಚ್ ಮುಟ್ಟದೆ ಬ್ರೇಕ್ ಒತ್ತಿ ನೋಡಿದ್ವಿ, ಆಗ ಗೊತ್ತಾಯ್ತು, ಬೂಸ್ಟರ್ ಅಂತ ನಾವೇ ಕಂಡುಹಿಡಿದ್ವಿ ಅನ್ನುತ್ತಿದ್ದರು. ನಾನು ಕಾಪಿ ಬರೆದ ಹುಡುಗನ ಡೆಸ್ಕಿನ ಮುಂದೆ ನಿಲ್ಲುವಂತೆ ಅವರ ಎದುರು ಹೋಗಿ ನಿಂತೆ. ಅವರು ನನ್ನನ್ನು ನೋಡಿದರು, ಆ ಕಡೆಯವರು ಏನೋ ಹೇಳುತ್ತಿದ್ದದ್ದನ್ನು ತಡೆದು, "ನಾವಲ್ಲ, ಅವಳು" ಅಂದರು. ಅಂದು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು ಬಾಲ್ಕನಿಗೆ ಹೋದರು.

ಅಷ್ಟು ಸಿಕ್ಕಿತು. ಸಾಲದು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ.